ಬರಿದಾದ ಟ್ಯಾಂಕು

ಹರಿದುದನ್ನು ಎಸೆಯುವುದಕ್ಕಿಂತ ಹೊಲಿಯುವುದು ಮೇಲು ಎಂಬ ನಂಬಿಕೆಯಲ್ಲಿ ಬೆಳೆದವರು ನಾವು. ನಮ್ಮ ಚಿಕ್ಕೋಡಿ ಕಡೆಯ ಮನೆಗಳಲ್ಲಿ ಹಳೆಯ ಸೀರೆ, ಧೋತರ, ಅಂಗಿಗಳ ಚೂರುಗಳೆಲ್ಲ ಕೂಡಿ ಕೌದಿಯಾಗುತ್ತವೆ; ಅಥಣಿಯ ಚಪ್ಪಲಿಯ ಅಟ್ಟೆ ಸವೆದರೆ ಇನ್ನೊಂದು ಅಟ್ಟೆ ಹಚ್ಚಿಸಿ ಮತ್ತೆರಡು ವರ್ಷ ಮೆಟ್ಟುತ್ತೇವೆ. ತೇಪೆಯೆಂದರೆ ಬರಿಯ ಬಡತನವಲ್ಲ. ವಸ್ತುವಿನ ಮೇಲೂ ಅದನ್ನು ಮಾಡಿದ ಕೈಯ ಮೇಲೂ ಇಟ್ಟುಕೊಂಡ ಗೌರವ. ಆದ್ದರಿಂದ ಇಪ್ಪತ್ತು ಮಳೆಗಾಲ ಕಂಡ ನನ್ನ ಮಾರುತಿ ಎಂಟುನೂರರ ಪೆಟ್ರೋಲ್ ಟ್ಯಾಂಕು ಸೋರತೊಡಗಿದಾಗ, ತೇಪೆ ಹಾಕಿಸಬೇಕೋ ಹೊಸದನ್ನು ಕೂಡಿಸಬೇಕೋ ಎಂಬುದು ಧರ್ಮಸಂಕಟವಾದೀತೆಂದು ಯಾರೂ ಎಣಿಸುವಂತಿರಲಿಲ್ಲ. ಅದು ಕಿಸೆಯ ಪ್ರಶ್ನೆ. ಕಿಸೆಯ ಪ್ರಶ್ನೆಗಳಿಗೆ ನಮ್ಮಲ್ಲಿ ಉತ್ತರ ಬೇಗ ಸಿಗುತ್ತದೆ.

ಸೋರಿಕೆಯ ಕಾರಣ ಹುಡುಕುವುದು ಕಷ್ಟವಲ್ಲ. ಟ್ಯಾಂಕು ಇರುವುದು ಗಾಡಿಯ ಹಿಂಭಾಗದ ತಳದಲ್ಲಿ. ರಾಯಬಾಗ, ಕಾಗವಾಡದ ಹಾದಿಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಹರವಿದ ಎರೆಮಣ್ಣು ಅದರ ಅಂಚಿನಲ್ಲಿ ಕೂತು, ಹಸಿಯಾಗಿಯೇ ಉಳಿದು, ಹೊರಗಿನಿಂದ ತುಕ್ಕು ಹಿಡಿಸುತ್ತದೆ. ಒಳಗಿನಿಂದಲೂ ಈಗ ಒಂದು ಉಪದ್ರವ ಸೇರಿದೆ. ೨೦೦೩ರಲ್ಲಿ ನೂರಕ್ಕೆ ೫ರಂತೆ ಪೆಟ್ರೋಲಿಗೆ ಬೆರೆಯತೊಡಗಿದ ಎಥೆನಾಲು ೨೦೨೫ರ ಹೊತ್ತಿಗೆ ನೂರಕ್ಕೆ ೨೦ ಆಯಿತು. ಅದು ನೀರನ್ನು ಹೀರುವ ದ್ರವ. ಅದಕ್ಕೆಂದು ತಯಾರಾಗದ ಹಳೆಯ ಉಕ್ಕಿನ ಟ್ಯಾಂಕಿಗೆ ಅದರ ಸಹವಾಸ ಒಗ್ಗದು. ಆ ಎಥೆನಾಲಿನ ದೊಡ್ಡದೊಂದು ಪಾಲು ಬರುವುದು ಕಬ್ಬಿನಿಂದಲೇ. ಕೃಷ್ಣೆಯ ದಂಡೆಯ ಕಬ್ಬು ಒಕ್ಕಲಿಗನಿಗೆ ನಾಲ್ಕು ಕಾಸು ಹೆಚ್ಚು ತಂದು, ಅವನದೇ ಹಳೆಯ ಗಾಡಿಯ ಹೊಟ್ಟೆಯನ್ನು ಕೊರೆಯುವುದೆಂದರೆ ನಗಬೇಕಾದ ಮಾತೇ. ಅದಿರಲಿ.

ನಿಪ್ಪಾಣಿಯಲ್ಲಿ, ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಿಗೆ, ಬೆಸುಗೆಯ ಕೆಲಸದಲ್ಲಿ ಹೆಸರಾದವನೊಬ್ಬನಿದ್ದಾನೆ. ಅವನು ಟ್ಯಾಂಕನ್ನು ಬೆರಳಿನಿಂದ ಬಡಿದು ನೋಡಿ, ಕೊಲ್ಹಾಪುರದಿಂದ ಹೊಸದು ತರಿಸಿದರೆ ಬೀಳುವ ವೆಚ್ಚದ ಹತ್ತರಲ್ಲೊಂದು ಪಾಲಿನಲ್ಲಿ ಮುಗಿಸಿಕೊಡುವೆನೆಂದ. ಅಪಾಯವಿಲ್ಲವೆ ಎಂದು ಕೇಳಿದೆ. “ಟಾಕಿ ಖಾಲಿ ಮಾಡೇ ಹಚ್ಚತೀನ್ರಿ. ಇಂಥಾವು ನೂರಾರು ಹಚ್ಚೇನಿ. ಏನ ಆಗೂದೈತಿ?” ಎಂದ.

ಖಾಲಿ ಎಂಬ ಈ ಮಾತೇ ಮೋಸದ್ದು. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕು ಹೆಚ್ಚು ಭಯಂಕರ. ಹೊತ್ತುವುದು ಪೆಟ್ರೋಲಲ್ಲ, ಅದರ ಆವಿ. ಅದೂ ಗಾಳಿಯೊಡನೆ ಹದವಾಗಿ ಬೆರೆತಾಗ ಮಾತ್ರ. ನೂರು ಪಾಲಿನಲ್ಲಿ ಆವಿ ಸುಮಾರು ಒಂದೂವರೆ ಪಾಲಿಗಿಂತ ಕಡಿಮೆಯಿದ್ದರೆ ಹೊತ್ತದು, ಏಳೂವರೆಗಿಂತ ಹೆಚ್ಚಿದ್ದರೂ ಹೊತ್ತದು. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಎಡೆಯೇ ಸಾಲದು. ಸುರಿದು ಬರಿದು ಮಾಡಿದ ಮೇಲೆಯೇ ಗಾಳಿ ಒಳಹೊಕ್ಕು ಆ ಹದ ಕೂಡಿಬರುವುದು. ತುಕ್ಕಿನ ಪದರಿನಡಿ ಒಂದೆರಡು ಚಮಚದಷ್ಟು ಉಳಿದಿದ್ದರೆ ಸಾಕು, ಜ್ವಾಲೆಯ ಬಿಸಿ ತಾಗಿದೊಡನೆ ಅದು ಆವಿಯಾಗಿ ಏಳುತ್ತದೆ. ಬಲ್ಲವರು ಮೊದಲು ಟ್ಯಾಂಕಿನೊಳಕ್ಕೆ ಹಬೆ ಹಾಯಿಸುತ್ತಾರೆ. ಬಳಿಕ ಬೆಸುಗೆಯ ಜಾಗದ ಹತ್ತಿರದವರೆಗೆ ನೀರು ತುಂಬುತ್ತಾರೆ, ಇಲ್ಲವೆ ಇಂಗಾಲಾಮ್ಲವನ್ನೋ ಸಾರಜನಕವನ್ನೋ ತುಂಬಿ ಗಾಳಿಯನ್ನು ಹೊರದೂಡುತ್ತಾರೆ. ಅವನಲ್ಲಿ ಇದ್ದುದು ಒಂದು ಬಕೆಟ್ಟು ನೀರು, ಒಳ್ಳೆಯ ಕೈ, ಮತ್ತು ಇದುವರೆಗೆ ಏನೂ ಆಗಿಲ್ಲವೆಂಬ ಧೈರ್ಯ.

ನೂರು ಸಲ ಏನೂ ಆಗಲಿಲ್ಲವೆಂಬುದು ಕೌಶಲಕ್ಕೆ ಸಾಕ್ಷಿಯಾದೀತು. ಅದೃಷ್ಟಕ್ಕೂ ಅಷ್ಟೇ ಸಾಕ್ಷಿಯಾದೀತು. ಆದರೆ ಅವನೇ ಒಪ್ಪಿರುವಾಗ ನಿಮಗೇಕೆ ಚಿಂತೆ ಎಂದು ಓದುಗರು ಕೇಳಬಹುದು. ಒಪ್ಪಿಗೆ ಸಣ್ಣ ಮಾತಲ್ಲ. ಅದನ್ನು ತಳ್ಳಿಹಾಕಿದರೆ ಬೆಳೆದ ಗಂಡಸನ್ನು ಮಗುವೆಂದು ಬಗೆದಂತೆ; ಅವನ ಕೆಲಸ ಅವನಿಗಿಂತ ತನಗೆ ಹೆಚ್ಚು ಗೊತ್ತೆಂಬುದು ಪುಸ್ತಕ ಓದಿದವರ ಹಳೆಯ ರೋಗ. ಇಷ್ಟನ್ನೂ ಒಪ್ಪಿದ ಮೇಲೆ ಒಂದು ಲೆಕ್ಕ ಉಳಿಯುತ್ತದೆ. ಒಪ್ಪಿಗೆ ಅವನದು, ಉಳಿತಾಯ ನನ್ನದು. ನನಗೆ ಉಳಿಯುವ ಆ ಒಂಬತ್ತು ಪಾಲು ಎಲ್ಲಿಂದ ಬಂತು? ಹಳೆಯ ತಗಡನ್ನೇ ಇಟ್ಟುಕೊಂಡದ್ದರಿಂದ ಕೆಲವು ಪಾಲು ಬಂದುದು ನಿಜ. ಮಿಕ್ಕದ್ದು, ಹಬೆಯ ಖರ್ಚಿಲ್ಲ, ಸಾರಜನಕದ ಖರ್ಚಿಲ್ಲ, ವಿಮೆಯ ಖರ್ಚಿಲ್ಲ ಎಂಬುದರಿಂದ ಬಂತು. ಆ ಖರ್ಚನ್ನೆಲ್ಲ ಅವನ ಮೈ ಹೊತ್ತಿದೆ. ಕೌದಿ ಹೊಲಿಯುವಾಗ ಸೂಜಿ ತಪ್ಪಿದರೆ ಬೆರಳಿಗೆ ಒಂದು ಹನಿ ರಕ್ತ. ಇಲ್ಲಿ ತಪ್ಪಿದರೆ ಕಣ್ಣು, ಮುಖ, ಒಂದು ಮನೆಯ ಅನ್ನ. ದುಡಿಮೆಯನ್ನು ಕಾಯಕವೆಂದು ಕೊಂಡಾಡುವ ನಾಡು ನಮ್ಮದು. ಆ ಶಬ್ದದೊಳಗೇ ಕಾಯವಿದೆಯೆಂಬುದು ಚೌಕಾಸಿಯ ಹೊತ್ತಿನಲ್ಲಿ ನೆನಪಾಗುವುದಿಲ್ಲ.

ನಿಪ್ಪಾಣಿಗೆ ಈ ಲೆಕ್ಕ ಹೊಸದಲ್ಲ. ಇಲ್ಲಿಯ ತಂಬಾಕಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಂಗಸರನ್ನು ಕುರಿತು ೧೯೮೨ರಲ್ಲಿ ಯುಗಾಂತರ್ ಎಂಬ ತಂಡ ಒಂದು ಸಾಕ್ಷ್ಯಚಿತ್ರ ತೆಗೆಯಿತು. ತಂಬಾಕಿನ ಧೂಳಿನಲ್ಲಿ ಉಸಿರಾಡುತ್ತ, ಸಂಘ ಕಟ್ಟಿಕೊಂಡು ಎದ್ದು ನಿಂತವರು ಅವರು. ಸೇದುವವನು ತೆತ್ತ ಕಾಸು ಬೀಡಿಯ ಪೂರ್ತಿ ಬೆಲೆಯಾಗಿರಲಿಲ್ಲ. ಉಳಿದ ಬೆಲೆಯನ್ನು ಯಾರದೋ ಎದೆಗೂಡು ತೆರುತ್ತಿತ್ತು. ಆದರೂ ಆ ಹೆಂಗಸರಿಗೆ ಎದುರು ನಿಂತು ಕೇಳಲು ಒಬ್ಬ ಧಣಿಯಾದರೂ ಇದ್ದ. ಹೆದ್ದಾರಿಯ ಬದಿಯ ಬೆಸುಗೆಗಾರನಿಗೆ ಧಣಿಯೇ ಇಲ್ಲ. ಅವನು ಸ್ವತಂತ್ರ ಎನ್ನುತ್ತೇವೆ. ನಿಜವಾಗಿ ನೋಡಿದರೆ ಬಂದ ಪ್ರತಿಯೊಬ್ಬ ಗಿರಾಕಿಯೂ ಅವನಿಗೆ ಅರ್ಧ ತಾಸಿನ ಧಣಿ. ಹಾಗಾದರೆ ಧಣಿಯ ಹೊಣೆಯೂ ಆ ಅರ್ಧ ತಾಸಿನ ಮಟ್ಟಿಗೆ ನನ್ನ ಮೇಲೆ ಬಿದ್ದೇ ಬೀಳುತ್ತದೆ. ಅವನು ಬೇಡವೆಂದರೂ, ನನಗೆ ಕೊಲ್ಹಾಪುರಕ್ಕೆ ಹೋಗಿಬರುವ ಬೇಸರವಿದ್ದರೂ.

ಹೊಸ ಟ್ಯಾಂಕನ್ನೇ ತರಿಸಿದೆ; ಕೂಡಿಸುವ ಕೆಲಸವನ್ನು ಅವನಿಗೇ ಕೊಟ್ಟೆ. ಇದರಿಂದ ಅವನ ಬಾಳು ಸುಖವಾಯಿತೆಂದು ನಾನು ಹೇಳಲಾರೆ. ಮರುದಿನ ಇನ್ನೊಬ್ಬರ ಟ್ಯಾಂಕು ಅವನ ಮುಂದೆ ಬಂದೇ ಇರುತ್ತದೆ. ನಾನು ನನ್ನ ಕೈ ತೊಳೆದುಕೊಂಡೆನೇ ಹೊರತು ಅವನ ಕೈಯನ್ನು ಕಾಯಲಿಲ್ಲ ಎನ್ನುವವರಿಗೆ ಇದಿರು ಹೇಳುವುದು ಕಷ್ಟ. ಅಪಾಯ ನನ್ನ ಹೆಸರಿನಲ್ಲಿ ನಡೆಯಲಿಲ್ಲ, ಅಷ್ಟೆ. ಆ ‘ಅಷ್ಟೆ’ಗೂ ಒಂದು ತೂಕವಿದೆಯೆಂದು ನನ್ನ ಎಣಿಕೆ.

ಆದರೆ ಕೆಲಸ ಮುಗಿದ ಮೇಲೆ ಅವನು, “ಹಳೇದ ನನಗ ಬಿಡ್ರಿ,” ಎಂದ. ಬಿಟ್ಟರೆ ಅದಕ್ಕೆ ತೇಪೆ ಹಚ್ಚಿ ಬೇರೆಯವರಿಗೆ ಮಾರುವನು. ನನ್ನ ತಗಡೇ, ಅದೇ ಜ್ವಾಲೆ, ಅದೇ ಮುಖ. ನಾನೇ ಒಯ್ಯುವೆನೆಂದಾಗ ಅವನು ನಕ್ಕ. ಈ ಮಾಸ್ತರ ಮಂದಿಗೆ ತಗಡಿನ ಮೇಲೂ ಆಸೆಯೆಂದು ತಿಳಿದಿರಬೇಕು. ಈಗ ಅದು ಚಿಕ್ಕೋಡಿಯಲ್ಲಿ ನಮ್ಮ ಹಿತ್ತಲಿನ ನುಗ್ಗೆಯ ಗಿಡದಡಿ ಬಾಯಿ ತೆರೆದು ಬಿದ್ದಿದೆ. ಸೋಡಾಖಾರದ ನೀರು ಹಾಕಿ ತೊಳೆಯಿಸಿದ್ದೇನೆ, ಮೂಗಿಟ್ಟರೆ ವಾಸನೆ ಇನ್ನೂ ಇದೆ. ವಾರಕ್ಕೊಮ್ಮೆ ಗುಜರಿಯವನು ಸೈಕಲ್ಲು ನಿಲ್ಲಿಸಿ ಅದನ್ನು ಕೇಳುತ್ತಾನೆ. ಏನು ಮಾಡುವೆಯೆಂದರೆ, “ಗ್ಯಾಸ್ ಹಚ್ಚಿ ಎರಡ ಹೋಳ ಮಾಡಿ ತೂಕಕ್ಕ ಹಾಕೂದರಿ,” ಎನ್ನುತ್ತಾನೆ. ಮನೆಯವರಿಗೆ ಹಿತ್ತಲು ಬೇಗ ತೆರವಾಗಬೇಕು. ನಾನು ಮುಂದಿನ ವಾರ ಬಾ ಎನ್ನುತ್ತೇನೆ.