ಹಂಗಿನಲ್ಲೇ ಹುಟ್ಟುವ ಸ್ವಾತಂತ್ರ್ಯ

ತುಮಕೂರಿನ ಸತ್ಯಮಂಗಲದಿಂದ ಮಧುಗಿರಿ, ಪಾವಗಡದ ಕಡೆ ಹೊರಟರೆ ದಾರಿಯ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಕಾಣುತ್ತವೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಸೀಮೆಯಿದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ತಕ್ಕುದಲ್ಲ. ನಾಣ್ಯ ಹಾಕಿ ಜನ ಕ್ಯಾನಿಗೆ ಹಿಡಿದುಕೊಳ್ಳುವ ‘ಫಿಲ್ಟರ್ ನೀರು’ ಬಹುಮಟ್ಟಿಗೆ ಆರ್‌ಒ ಯಂತ್ರದ್ದು. ಅದರೊಳಗೊಂದು ತೆಳುವಾದ ಪೊರೆ. ಪಂಪು ಒತ್ತಿದಾಗ ನೀರು ಪೊರೆಯನ್ನು ತೂರಿ ಬರುತ್ತದೆ, ಲವಣಗಳ ಬಹುಪಾಲು ಆಚೆಗೇ ಉಳಿಯುತ್ತದೆ.

ಆ ನೀರು ಕುಡಿದವರ ಮೈಯ ಒಂದೊಂದು ಜೀವಕೋಶಕ್ಕೂ ಪೊರೆಯಿದೆ. ಅದೂ ಕೆಲವನ್ನು ಬಿಟ್ಟುಕೊಳ್ಳುತ್ತದೆ, ಕೆಲವನ್ನು ತಡೆಯುತ್ತದೆ. ಹಾಗಾದರೆ ಒಂದನ್ನು ಬರೀ ವಸ್ತು, ಇನ್ನೊಂದನ್ನು ಜೀವ ಎಂದು ಕರೆಯುವುದು ಯಾತರ ಮೇಲೆ? ಜರ್ಮನಿಯಲ್ಲಿ ಹುಟ್ಟಿದ ತತ್ತ್ವಜ್ಞಾನಿ ಹಾನ್ಸ್ ಯೋನಾಸ್ (1903–1993) ಕೊಟ್ಟ ಉತ್ತರವನ್ನು ಕನ್ನಡದಲ್ಲಿ ‘ಹಂಗಿನ ಸ್ವಾತಂತ್ರ್ಯ’ ಎನ್ನಬಹುದು. ಅದನ್ನು ತಿಳಿಯಲು ಜೀವಕೋಶದ ವಹಿವಾಟನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಜೀವಕೋಶದ ಪೊರೆಯೆಂದರೆ ಮುಖ್ಯವಾಗಿ ಕೊಬ್ಬಿನ ಅಣುಗಳ ಜೋಡಿ ಪದರ. ಅದರ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಭಾಗಕ್ಕಿಂತ ಕಡಿಮೆ. ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ತಾವಾಗಿಯೇ ಅದನ್ನು ದಾಟುತ್ತವೆ. ಇದು ವಿಸರಣೆ. ನೀರು ಬಹಳಷ್ಟು ಸಾಗುವುದು ಅಕ್ವಪೋರಿನ್ ಎಂಬ ಪ್ರೋಟೀನ್ ನಾಳಗಳಲ್ಲಿ. ಅವುಗಳ ಶೋಧಕ್ಕಾಗಿ ಪೀಟರ್ ಆಗ್ರೆ 2003ರ ನೊಬೆಲ್ ಹಂಚಿಕೊಂಡರು. ಇಷ್ಟಕ್ಕೆಲ್ಲ ಕೋಶ ಶಕ್ತಿ ವ್ಯಯಿಸಬೇಕಿಲ್ಲ.

ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ಸಾಗಿಸಬೇಕಾದಾಗ ಮಾತ್ರ ಖರ್ಚು ಬೀಳುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಏಡಿಯ ನರಗಳಲ್ಲಿ ಗುರುತಿಸಿದ ಪಂಪು ಇಂಥ ಕೆಲಸದ್ದು. ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವೊಂದನ್ನು ಬಳಸಿ ಅದು ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ಹಾಕುತ್ತದೆ, ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ತರುತ್ತದೆ. ಹೀಗಾಗಿ ಸೋಡಿಯಂ ಕೋಶದ ಒಳಗಿಗಿಂತ ಹೊರಗೆ ಸುಮಾರು ಹತ್ತು ಪಟ್ಟು ಹೆಚ್ಚು, ಪೊಟ್ಯಾಸಿಯಂ ಹೊರಗಿಗಿಂತ ಒಳಗೆ ಮೂವತ್ತು ಪಟ್ಟಿನಷ್ಟು ಹೆಚ್ಚು. ಪಂಪು ನಿಂತರೆ ಈ ಅಂತರ ಅಳಿಯುತ್ತದೆ, ನೀರು ನುಗ್ಗಿ ಕೋಶ ಊದುತ್ತದೆ, ಕೊನೆಗೆ ಸಾಯುತ್ತದೆ. ಒಳಗೂ ಹೊರಗೂ ಎಲ್ಲವೂ ಸಮವಾಯಿತೆಂದರೆ ಜೀವ ಮುಗಿಯಿತೆಂದೇ ಅರ್ಥ.

ಯಂತ್ರಕ್ಕೂ ಜೀವಕ್ಕೂ ಇರುವ ಅಂತರ ತಿಳಿಯುವುದು ಇಲ್ಲಿ. ಕರೆಂಟು ಹೋದರೆ ಆರ್‌ಒ ಪೊರೆ ಸುಮ್ಮನಿರುತ್ತದೆ. ಬಂದಾಗ ಮತ್ತೆ ಸೋಸುತ್ತದೆ. ತಾನು ಸೋಸಿದ ನೀರಿನಿಂದ ಅದಕ್ಕೆ ಆಗಬೇಕಾದದ್ದೇನೂ ಇಲ್ಲ. ಕೋಶಕ್ಕೆ ಅಂಥ ಬಿಡುವಿಲ್ಲ. ಅದರ ಪೊರೆ ಕೂಡ ಒಳಗೆ ಬಂದ ಪದಾರ್ಥದಿಂದಲೇ ಕಟ್ಟಿಕೊಂಡದ್ದು. ಹಳೆಯ ಅಣುಗಳು ಹೋಗಿ ಹೊಸವು ಬರುತ್ತಲೇ ಇರುತ್ತವೆ. ಸೋಸುವ ಪೊರೆಯೂ ಸೋಸಿ ಬಂದದ್ದೂ ಇಲ್ಲಿ ಬೇರೆಬೇರೆಯಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆಯ ಯೆಹೂದಿ ದಳದಲ್ಲಿದ್ದ ಯೋನಾಸ್, ಜೀವದ ಕುರಿತ ತಮ್ಮ ಚಿಂತನೆಯನ್ನು ಹೆಂಡತಿಗೆ ಬರೆದ ಪತ್ರಗಳಲ್ಲಿ ಬೆಳೆಸಿದರು. 1966ರ ‘ದಿ ಫಿನಾಮಿನನ್ ಆಫ್ ಲೈಫ್’ ಪುಸ್ತಕದಲ್ಲಿ ಅದು ಪೂರ್ಣರೂಪ ಪಡೆಯಿತು. ಅದರ ತಿರುಳು ಇದು: ಕಲ್ಲು ಅದೇ ಕಲ್ಲಾಗಿ ಉಳಿಯುವುದು ಅದರ ದ್ರವ್ಯ ಕದಲದೆ ಇರುವುದರಿಂದ. ಜೀವಿ ಅದೇ ಜೀವಿಯಾಗಿ ಉಳಿಯುವುದು ಅದರ ದ್ರವ್ಯ ಬದಲಾಗುತ್ತಿರುವುದರಿಂದ. ಯಾವುದೇ ಒಂದು ಹಿಡಿ ದ್ರವ್ಯಕ್ಕೆ ಅದು ಅಂಟಿಕೊಂಡಿಲ್ಲ. ಅಷ್ಟರಮಟ್ಟಿಗೆ ಅದು ಸ್ವತಂತ್ರ. ಆದರೆ ಬದಲಾಯಿಸಿಕೊಳ್ಳುವ ಶಕ್ತಿ ಬಂದ ಗಳಿಗೆಯಲ್ಲೇ ಬದಲಾಯಿಸಿಕೊಳ್ಳದೆ ಇರಲಾರದ ಹಂಗೂ ಬಂತು. ಇಲ್ಲವಾಗಿಬಿಡುವ ಸಾಧ್ಯತೆ ಸದಾ ಎದುರಿಗಿರುವುದರಿಂದಲೇ ಜೀವಿಗೆ ತನ್ನ ಇರವು ಮುಖ್ಯವಾಗುತ್ತದೆ. ಒಂಟಿ ಕೋಶದಲ್ಲೂ ಇಂಥ ಕಾಳಜಿಯ ಬೀಜವಿದೆ ಎಂಬ ಮಾತನ್ನು ಒಪ್ಪದ ವಿಜ್ಞಾನಿಗಳಿದ್ದಾರೆ. ಅರಿವು ಮತ್ತು ಕಾಳಜಿ ಒಂದೇ ಅಲ್ಲ ಎಂದು ನೆನಪಿಟ್ಟರೆ ಆ ಮಾತು ಅತಿಯೆನಿಸದು.

ಬಿತ್ತದ ಬೀಜದ ಗತಿಯೇನು ಎಂದು ಯಾರಾದರೂ ಕೇಳಬಹುದು. ತುಮಕೂರು ಸೀಮೆಯ ರೈತರು ಹಿಂದೆ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಕೊಡುಕೊಳ್ಳುವಿಕೆ ನಿಂತೂ ಆ ಕಾಳು ಬದುಕಿತ್ತಲ್ಲವೇ? ನಿಂತಿರಲಿಲ್ಲ. ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ ಇಳಿಯುತ್ತಿದ್ದರು. ಕಾಳು ಮತ್ತು ಅದರ ಜೊತೆಗಿನ ಸೂಕ್ಷ್ಮಜೀವಿಗಳ ಉಸಿರಾಟದಿಂದ ಒಳಗಿನ ಆಮ್ಲಜನಕ ತಗ್ಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತಿತ್ತು. ಮಲಗಿದ ಕಾಳೂ ನಿಧಾನವಾಗಿ ಹಂಗು ತೀರಿಸುತ್ತಲೇ ಇರುತ್ತದೆ.

ತೆರೆದುಕೊಳ್ಳದೆ ಬದುಕಿಲ್ಲ, ತೆರೆದುಕೊಂಡರೆ ಅಪಾಯ ತಪ್ಪಿದ್ದಲ್ಲ. ಜಠರದ ಆಮ್ಲದಲ್ಲಿ ಫ್ಲೋರೈಡ್ ಹೈಡ್ರೋಜನ್ ಜೊತೆ ಸೇರಿ, ಯಾವ ಪಂಪಿನ ನೆರವೂ ಇಲ್ಲದೆ ಪೊರೆಗಳನ್ನು ದಾಟಬಲ್ಲದು. ಮುಂದೆ ಮೂಳೆ ಹಲ್ಲುಗಳ ಖನಿಜದಲ್ಲಿ ಹೈಡ್ರಾಕ್ಸಿಲ್ ಇರಬೇಕಾದ ಜಾಗದಲ್ಲಿ ಕೂರುತ್ತದೆ. ಹಲ್ಲಿನ ಎನಾಮೆಲ್ ಇನ್ನೂ ರೂಪುಗೊಳ್ಳುತ್ತಿರುವ ಎಳೆಯ ಮಕ್ಕಳಿಗೆ ಇದರ ಕಲೆ ಜೀವನಪೂರ್ತಿ ಉಳಿಯುತ್ತದೆ.

ಯೋನಾಸ್ 1979ರಲ್ಲಿ ಹೊಣೆಗಾರಿಕೆಯ ಬಗ್ಗೆ ಬರೆದ ಗ್ರಂಥದಲ್ಲಿ ಎಲ್ಲ ಹೊಣೆಯ ಮೂಲ ನಿದರ್ಶನವಾಗಿ ಹಿಡಿದದ್ದು ಆಗತಾನೇ ಹುಟ್ಟಿದ ಕೂಸನ್ನು. ಅದರ ಉಸಿರಾಟವೇ ಸುತ್ತಲಿನವರ ಮೇಲೆ ಕರ್ತವ್ಯವನ್ನು ಹೊರಿಸುತ್ತದೆ ಎಂದರು. ಜೀವಕೋಶದ ಪಾಠವನ್ನು ಅಲ್ಲಿಯವರೆಗೆ ಒಯ್ದರೆ, ಯಾರ ಹಂಗೂ ಇಲ್ಲದಿರುವುದೇ ಸ್ವಾತಂತ್ರ್ಯವೆಂಬ ನಮ್ಮ ಹೆಮ್ಮೆ ನಿಲ್ಲುವುದಿಲ್ಲ. ಹಂಗಿಲ್ಲದ ಜೀವವಿಲ್ಲ. ಆದ್ದರಿಂದ ಯಾರದೇ ಸ್ವಾತಂತ್ರ್ಯವನ್ನು ಗೌರವಿಸುವುದೆಂದರೆ ಅವರನ್ನು ಅವರ ಪಾಡಿಗೆ ಬಿಡುವುದಷ್ಟೇ ಅಲ್ಲ. ಅವರ ಒಳಗೆ ಹೋಗುವ ಗಾಳಿ, ಅನ್ನ, ನೀರಿಗೆ ನಾವೂ ಹೊಣೆಯಾಗುವುದು.