ಮನೆಯೊಳಗಿನ ಕಾಳಗ

ನಮ್ಮ ಮತ್ತೋಡಿನ ಸೀಮೆಯೂ ಒಂದು ಕಾಲದಲ್ಲಿ ವಿಜಯನಗರದ ಅರಸರ ಆಳಿಕೆಗೆ ಒಳಪಟ್ಟಿತ್ತು. 1614ರಲ್ಲಿ ವೆಂಕಟಪತಿರಾಯನು ತೀರಿಹೋಗಲು, ಪಟ್ಟವೇರಿದ ಶ್ರೀರಂಗನನ್ನು ಜಗ್ಗರಾಯನು ಸೆರೆಹಿಡಿದು ಕುಟುಂಬಸಮೇತ ಕೊಲ್ಲಿಸಿದನು. ಬಾಲಕನಾದ ರಾಮದೇವನನ್ನು ಒಬ್ಬ ಅಗಸನು ಬಟ್ಟೆಯ ಗಂಟಿನಲ್ಲಿ ಅಡಗಿಸಿ ಉಳಿಸಿದನೆಂದು ಆ ಕಾಲದ ಪಾದ್ರಿ ಬರ್ರಾದಾಸನು ಬರೆದಿದ್ದಾನೆ. ಅತಲ್ಯಳ ಕತ್ತಿಯಿಂದ ಯೋವಾಷನನ್ನು ಕಾಪಾಡಿದ ಯೆಹೋಷೆಬಳನ್ನು ನಾವು ಇಲ್ಲಿ ನೆನೆಯುವೆವಲ್ಲವೇ?

1616ರ ಸುಮಾರಿಗೆ ಕಾವೇರಿತೀರದ ತೋಪೂರಿನಲ್ಲಿ ಒಂದೇ ರಾಜ್ಯದ ನಾಯಕರು ಎದುರೆದುರಾಗಿ ಕಾದಿದರು. ಜಗ್ಗರಾಯನು ಮಡಿದನು; ರಾಮದೇವನು ಅರಸನಾದನು. ಆದರೂ ರಾಜ್ಯವು ಹಿಂದಿನ ಬಲಕ್ಕೆ ಮರಳಲಿಲ್ಲ.

ದಾಯಾದಿಗಳು ಹೊಲದ ಬದುವಿಗಾಗಿ ಬಡಿದಾಡುವಾಗ ನಾವು ಯಾರ ಪಕ್ಷ ಹಿಡಿಯೋಣವೆಂದು ವಿಚಾರಿಸದೆ, ಆ ಮನೆಯ ಮಕ್ಕಳನ್ನು ಯಾರು ಕಾಯುವರೆಂದು ವಿಚಾರಿಸೋಣ. ಅಗಸನ ಕೈಗಳನ್ನು ಉಪಯೋಗಿಸಿದ ದೇವರು ನಮ್ಮ ಕೈಗಳನ್ನೂ ಬೇಡವೆನ್ನನು.