ರಕ್ತ ಕೊಟ್ಟವನಿಗೆ ಉತ್ತರ

ಒಂದು ಪಿಡುಗು ಅಡಗಿದ ಮೇಲೆ ಪ್ರಯೋಗಾಲಯಗಳನ್ನು ಬಲಪಡಿಸಬೇಕೆಂಬ ಮಾತು ಎಲ್ಲ ದೇಶಗಳಲ್ಲೂ ಕೇಳಿಬರುತ್ತದೆ. ಸಮಿತಿಗಳು ಕೂಡುತ್ತವೆ, ವರದಿಗಳು ಅಚ್ಚಾಗುತ್ತವೆ, ಒಂದಿಷ್ಟು ಹಣವೂ ಬಿಡುಗಡೆಯಾಗುತ್ತದೆ. ಇದು ಆಡಳಿತಕ್ಕೆ ಸಂಬಂಧಿಸಿದ್ದು, ಹೆಚ್ಚೆಂದರೆ ವಿಜ್ಞಾನಿಗಳಿಗೆ ಸಂಬಂಧಿಸಿದ್ದು ಎಂದುಕೊಂಡು ನಾವು ಪತ್ರಿಕೆಯ ಪುಟ ಮಗುಚುತ್ತೇವೆ. ಆದರೆ ಇದರೊಳಗೆ ಧರ್ಮಾಧರ್ಮದ ಪ್ರಶ್ನೆಯೊಂದು ಹುದುಗಿದೆ. ಕಾಯಿಲೆ ಬಿದ್ದವನ ತೋಳಿನಿಂದ ರಕ್ತ ತೆಗೆದುಕೊಂಡವರು ಅವನಿಗೆ ಏನನ್ನು ಬಾಕಿ ಉಳಿಸಿಕೊಂಡಂತಾಯಿತು? ಆ ಬಾಕಿಯನ್ನು ಎಲ್ಲಿ, ಎಷ್ಟು ದಿನದೊಳಗೆ ತೀರಿಸಬೇಕು?

ಪಶ್ಚಿಮ ಆಫ್ರಿಕದ ಎಬೋಲಾ ಪಿಡುಗನ್ನೇ ನೋಡೋಣ. 2013ರ ಡಿಸೆಂಬರಿನಲ್ಲಿ ಗಿನಿ ದೇಶದ ಕಾಡಂಚಿನ ಮೆಲಿಯಾಂಡು ಎಂಬ ಹಳ್ಳಿಯಲ್ಲಿ ಪುಟ್ಟ ಮಗುವೊಂದು ಜ್ವರ ಬಂದು ತೀರಿಕೊಂಡಿತು. ಅದರ ಹಿಂದೆಯೇ ಮನೆಯವರು, ಆರೈಕೆ ಮಾಡಿದವರು, ಹೆಣಕ್ಕೆ ನೀರೆರೆದವರು ಹೋದರು. ಕಾಲರಾ ಇರಬಹುದೆಂದರು, ಲಾಸಾ ಜ್ವರ ಇರಬಹುದೆಂದರು. ಕಾಯಿಲೆಯ ನಿಜವಾದ ಹೆಸರು ಗೊತ್ತಾದದ್ದು 2014ರ ಮಾರ್ಚಿಯಲ್ಲಿ. ಅದೂ ಗಿನಿಯಲ್ಲಲ್ಲ, ರಕ್ತದ ಮಾದರಿಗಳು ವಿಮಾನ ಹತ್ತಿ ತಲಪಿದ ಫ್ರಾನ್ಸಿನ ಪ್ರಯೋಗಾಲಯದಲ್ಲಿ. ಅಷ್ಟರಲ್ಲಿ ಮೂರು ತಿಂಗಳು ಕಳೆದಿದ್ದವು. 2016ರಲ್ಲಿ ಎಲ್ಲ ಮುಗಿಯುವ ವೇಳೆಗೆ, ಮುಖ್ಯವಾಗಿ ಗಿನಿ, ಸಿಯೆರಾ ಲಿಯೋನ್, ಲೈಬೀರಿಯ ಈ ಮೂರು ದೇಶಗಳಲ್ಲಿ, 28,600ಕ್ಕೂ ಮಿಕ್ಕಿ ಜನ ಕಾಯಿಲೆ ಬಿದ್ದು 11,300ಕ್ಕೂ ಮಿಕ್ಕಿ ಜನ ಸತ್ತಿದ್ದರು.

ಉತ್ತರ ತಡವಾಗುವುದೆಂದರೇನು? ಎಬೋಲಾ ಆರಂಭದಲ್ಲಿ ಮಲೇರಿಯದಂತೆಯೇ ಕಾಣುತ್ತದೆ: ಜ್ವರ, ತಲೆನೋವು, ಮೈಕೈ ನೋವು, ವಾಂತಿ. ಹಾಗಾಗಿ ಜ್ವರ ಬಂದವರನ್ನೆಲ್ಲ, ಪರೀಕ್ಷೆಯ ಫಲಿತಾಂಶ ಬರುವ ತನಕ, ಬೇರೆಯಾಗಿ ಒಂದು ವಾರ್ಡಿನಲ್ಲಿ ಇಡಬೇಕಾಗುತ್ತಿತ್ತು. ಬರೀ ಮಲೇರಿಯ ಬಂದಿದ್ದ ತಾಯಿ ಎಬೋಲಾ ತಗುಲಿದವನ ಪಕ್ಕದಲ್ಲಿ ಮಲಗಿ ಕಾಯಬೇಕು. ಕಾಗದ ಒಂದು ದಿನದಲ್ಲಿ ಬಂದರೆ ಅವಳು ಮನೆಗೆ ಹೋದಾಳು; ನಾಲ್ಕು ದಿನವಾದರೆ ಆ ಕಾಯುವಿಕೆಯೇ ಅವಳಿಗೆ ಕಾಯಿಲೆಯಾದೀತು. ಸತ್ತವರ ಮನೆಯವರಾದರೂ ಅಷ್ಟೆ. ಹೆಣವನ್ನು ತಾವೇ ತೊಳೆದು ಮಣ್ಣು ಮಾಡಬಹುದೇ, ಇಲ್ಲ ಮೈತುಂಬ ಕವಚ ತೊಟ್ಟ ಅಪರಿಚಿತರ ಕೈಗೆ ಒಪ್ಪಿಸಬೇಕೇ ಎಂಬುದೂ ಆ ಉತ್ತರವನ್ನೇ ನೆಚ್ಚಿತ್ತು. ಪ್ರಯೋಗಾಲಯ ದೂರವಿದ್ದಷ್ಟೂ ಜನ ಸರಕಾರವನ್ನು ನಂಬದೆ ರೋಗಿಗಳನ್ನು ಮನೆಯಲ್ಲೇ ಬಚ್ಚಿಟ್ಟರೆ ಅವರನ್ನು ಮೂಢರೆಂದು ಹಳಿಯುವುದು ನಮಗೆ ಸರಿ ಕಾಣುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತಲೂ ಮನಸ್ಸನ್ನು ಕಲಕುವಂಥದು. 1982ರಲ್ಲೇ ಜರ್ಮನಿಯ ಸಂಶೋಧಕರು ಲೈಬೀರಿಯದ ಜನರ ರಕ್ತವನ್ನು ಪರೀಕ್ಷಿಸಿ, ಕೆಲವರಲ್ಲಿ ಎಬೋಲಾ ಸೋಂಕಿನ ಗುರುತುಗಳಿವೆ, ಲೈಬೀರಿಯವನ್ನು ಎಬೋಲಾ ಇರುವ ಪ್ರದೇಶಗಳಲ್ಲಿ ಸೇರಿಸಬೇಕು ಎಂದು ಯೂರೋಪಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದಿದ್ದರು. ಆ ಲೇಖನ 30 ವರ್ಷಕ್ಕೂ ಹೆಚ್ಚು ಕಾಲ ಗ್ರಂಥಭಂಡಾರದಲ್ಲಿ ಮಲಗಿತ್ತು. ಅದರ ಲೇಖಕರಲ್ಲಿ ಲೈಬೀರಿಯದವರು ಒಬ್ಬರೂ ಇರಲಿಲ್ಲ. 2015ರಲ್ಲಿ ಲೈಬೀರಿಯದ ಆರೋಗ್ಯಾಧಿಕಾರಿಗಳು ಅಮೆರಿಕದ ಪತ್ರಿಕೆಯೊಂದರಲ್ಲಿ ಇದನ್ನು ಬಹಿರಂಗವಾಗಿ ಹೇಳಿಕೊಂಡರು. ಇಂಥ ಒಂದು ಲೇಖನವನ್ನು ತರಿಸಿ ಓದಲು ತಗಲುವ 45 ಡಾಲರು ತಮ್ಮ ವೈದ್ಯರ ಅರ್ಧ ವಾರದ ಸಂಬಳಕ್ಕೆ ಸಮ ಎಂದೂ ತಿಳಿಸಿದರು.

ಆ ಸಂಶೋಧಕರು ಕಳ್ಳರಲ್ಲ. ಕಂಡದ್ದನ್ನು ಬರೆದರು, ಮುಚ್ಚಿಡಲಿಲ್ಲ. ನಿಯಮದ ಪ್ರಕಾರ ಅವರ ಲೆಕ್ಕ ಚುಕ್ತಾ. ಆದರೂ ರಕ್ತ ಕೊಟ್ಟವನ ಲೆಕ್ಕ ಚುಕ್ತಾ ಆಗಲಿಲ್ಲ. ಸತ್ಯವನ್ನು ಅದು ಬೇಕಾದವನಿಗೆ ಎಟುಕದ ಅಟ್ಟದ ಮೇಲಿಟ್ಟು ‘ನಾವು ಹೇಳಿದ್ದೆವಲ್ಲ’ ಎಂದರೆ ಹೇಳಿದಂತಾಯಿತೇ? ಆ ದೇಶದಲ್ಲೇ ಒಂದು ಪ್ರಯೋಗಾಲಯವೂ ಅದನ್ನು ನಡೆಸುವ ನಾಲ್ಕು ಜನರೂ ಇದ್ದಿದ್ದರೆ ಆ ಲೇಖನವನ್ನು ಓದುವುದಕ್ಕಾದರೂ ಒಬ್ಬರು ಇರುತ್ತಿದ್ದರು.

ಈ ಮಾತನ್ನು ದೂರದ ಆಫ್ರಿಕದ್ದೆಂದು ಬಿಟ್ಟುಬಿಡುವ ಹಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಹಳ್ಳಿಯವರಿಗೂ ಜ್ವರ ಹತ್ತಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಮಾದರಿಗಳನ್ನು ಒಯ್ದು, ಇದುವರೆಗೆ ಯಾರೂ ಕಾಣದ ಹೊಸ ವೈರಸ್ಸೆಂದು ತೋರಿಸಿದರು. ಉಣ್ಣಿಗಳ ಮೂಲಕ ಹರಡುವ ಮಂಗನ ಕಾಯಿಲೆಗೆ ಹೆಸರು ಸಿಕ್ಕಿದ್ದು ಹೀಗೆ. ಗಮನಿಸಬೇಕಾದದ್ದೆಂದರೆ, ಆ ಕೇಂದ್ರ ಆರಂಭವಾದದ್ದು 1952ರಲ್ಲಿ. ಕಟ್ಟುವಾಗ ಕ್ಯಾಸನೂರಿನ ಹೆಸರು ಯಾರ ಕಡತದಲ್ಲೂ ಇರಲಿಲ್ಲ. 1957ರ ಕಾಯಿಲೆಗೆ 1957ರಲ್ಲಿ ಕಟ್ಟಡದ ಟೆಂಡರು ಕರೆದಿದ್ದರೆ ಏನಾಗುತ್ತಿತ್ತೆಂದು ನಾವು ಊಹಿಸಬಲ್ಲೆವು.

ಇಲ್ಲಿ ಒಂದು ಪ್ರಬಲ ಆಕ್ಷೇಪಣೆ ಬರುತ್ತದೆ. ಅದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಪಿಡುಗು ಬರುವ ಮುಂಚೆ ಲೈಬೀರಿಯದಲ್ಲಿ 40 ಲಕ್ಷ ಜನರಿಗೆ ಇದ್ದ ವೈದ್ಯರು ಸುಮಾರು 50 ಮಂದಿ. ಬಾಗಿಲಲ್ಲಿ ಹೆರಿಗೆ ನೋವಿನ ಹೆಂಗಸು ನಿಂತಿರುವಾಗ, ಎಂದೋ ಬರಬಹುದಾದ ರೋಗಕ್ಕೆಂದು ಹಣ ತೆಗೆದಿಡುವುದು ಯಾವ ಧರ್ಮ? ಕಣ್ಣೆದುರಿನವರ ಸಂಕಟವೇ ಮೊದಲು ಎಂದು ನಮ್ಮ ಮನಸ್ಸೂ ಹೇಳುತ್ತದೆ. ಆದರೆ ಒಳ್ಳೆಯ ಪ್ರಯೋಗಾಲಯ ಎಂದೋ ಬರುವ ರೋಗಕ್ಕಾಗಿ ಬೀಗ ಹಾಕಿ ಕಾಯುವ ಉಗ್ರಾಣವಲ್ಲ. ಸಿಯೆರಾ ಲಿಯೋನಿನ ಕೆನೆಮಾ ಆಸ್ಪತ್ರೆಯ ಪ್ರಯೋಗಾಲಯ ಲಾಸಾ ಜ್ವರದ ರೋಗಿಗಳಿಗಾಗಿ ದಿನನಿತ್ಯ ದುಡಿಯುತ್ತಿತ್ತು. ಆ ದೇಶದ ಮೊದಲ ಎಬೋಲಾ ಪ್ರಕರಣವನ್ನು 2014ರ ಮೇ ತಿಂಗಳಲ್ಲಿ ಗುರುತಿಸಿದ್ದೂ ಅದೇ. ಅಲ್ಲಿನ ಮುಖ್ಯ ವೈದ್ಯ ಡಾ. ಶೇಖ್ ಹುಮರ್ ಖಾನ್ ಅದೇ ಜುಲೈಯಲ್ಲಿ ಎಬೋಲಾದಿಂದಲೇ ತೀರಿಕೊಂಡರು. ನೈಜೀರಿಯಕ್ಕೆ 2014ರ ಜುಲೈಯಲ್ಲಿ ಕಾಯಿಲೆ ವಿಮಾನದಲ್ಲೇ ಬಂದಿಳಿಯಿತು, ಲಾಗೋಸಿನಂಥ ಮಹಾನಗರಕ್ಕೆ. ಅಲ್ಲಿನ ಬೋಧನಾ ಆಸ್ಪತ್ರೆಯ ಪ್ರಯೋಗಾಲಯ ಕೆಲವೇ ದಿನಗಳಲ್ಲಿ ಹೆಸರು ಹೇಳಿತು. ಪೋಲಿಯೋ ಕೆಲಸದಲ್ಲಿ ಪಳಗಿದವರು ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕಿದರು. ಒಟ್ಟು 20 ಪ್ರಕರಣ, 8 ಸಾವು. ಅಕ್ಟೋಬರ್ 20ರಂದು ದೇಶ ಮುಕ್ತವೆಂದು ಸಾರಲಾಯಿತು.

ಸರಕಾರಿ ಕಡತಗಳ ನಡುವೆಯೇ ವಯಸ್ಸು ಸವೆಸುತ್ತಿರುವ ನಮ್ಮಂಥ ಗುಮಾಸ್ತರಿಗೆ ತಿಳಿದಿರುವ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಯಂತ್ರ ಕೊಳ್ಳಲು ಹಣ ಸಿಗುತ್ತದೆ, ಅದನ್ನು ಉಳಿಸಿಕೊಳ್ಳಲು ಸಿಗುವುದಿಲ್ಲ. ಯಂತ್ರಕ್ಕೆ ಉದ್ಘಾಟನೆಯಿದೆ, ಫೋಟೋ ಇದೆ, ಹಾರವಿದೆ. ರಾಸಾಯನಿಕಗಳಿಗೆ, ಶೀತಪೆಟ್ಟಿಗೆ ಕೆಡದಂತೆ ಉರಿಯಬೇಕಾದ ಜನರೇಟರಿನ ಡೀಸೆಲ್ಲಿಗೆ, ಹಳ್ಳಿಯಿಂದ ಮಾದರಿ ತರುವ ಬೈಕಿನವನ ಭತ್ಯಕ್ಕೆ ಯಾರು ರಿಬ್ಬನ್ ಕತ್ತರಿಸುತ್ತಾರೆ? ಹುದ್ದೆಗಳು ತಾತ್ಕಾಲಿಕ, ಪಿಡುಗು ಮುಗಿದ ಮುಂದಿನ ಮಾರ್ಚಿಗೆ ಅವೂ ಮುಗಿಯುತ್ತವೆ. ಕಲಿತ ಹುಡುಗ ಬೇರೆ ಕೆಲಸ ಹುಡುಕಿಕೊಳ್ಳುತ್ತಾನೆ. ದಾನ ಕೊಟ್ಟ ದೇಶವೂ ಪಡೆದ ದೇಶವೂ ‘ಯಂತ್ರ ಕೊಟ್ಟಾಯಿತು’ ಎಂದು ಷರಾ ಬರೆದು ಕಡತ ಮುಚ್ಚುತ್ತವೆ. ಇದನ್ನು ದಾನವೆಂದು ಕರೆಯುವುದರಿಂದಲೇ ಹೀಗಾಗುತ್ತದೆಂದು ನಮಗೆ ತೋರುತ್ತದೆ. ದಾನ ಕೊಡುವವನು ತನಗೆ ಬೇಕಾದಾಗ ನಿಲ್ಲಿಸಬಹುದು. ಸಾಲವನ್ನಾದರೆ ತೀರುವ ತನಕ ಕಟ್ಟಬೇಕು.

ಗಿನಿಯಲ್ಲಿ ಆಮೇಲೆ ಕೆಲಸ ಒಂದಿಷ್ಟು ನಡೆಯಿತು. 2021ರ ಫೆಬ್ರವರಿಯಲ್ಲಿ ಎನ್‌ಜೆರೆಕೋರೆ ಪ್ರಾಂತ್ಯದಲ್ಲಿ ಎಬೋಲಾ ಮತ್ತೆ ತಲೆಯೆತ್ತಿದಾಗ ಅದನ್ನು ಖಚಿತಪಡಿಸಿದ್ದು ಆ ದೇಶದ ರಾಷ್ಟ್ರೀಯ ಪ್ರಯೋಗಾಲಯವೇ. 23 ಪ್ರಕರಣ, 12 ಸಾವು. ಜೂನ್ 19ಕ್ಕೆ ಎಲ್ಲ ಮುಗಿಯಿತು. ಗಿನಿಯ ವಿಜ್ಞಾನಿಗಳೂ ಸೇರಿದ್ದ ತಂಡಗಳು ವೈರಸ್ಸಿನ ವಂಶಾವಳಿಯನ್ನು ಬಿಡಿಸಿ ನೋಡಿದಾಗ ಬೇರೊಂದು ಸಂಗತಿ ಹೊರಬಿತ್ತು: ಇದು ಕಾಡಿನಿಂದ ಹೊಸದಾಗಿ ಬಂದದ್ದಲ್ಲ, ಹಿಂದಿನ ಪಿಡುಗಿನಲ್ಲಿ ಬದುಕಿ ಉಳಿದ ಯಾರದೋ ಮೈಯಲ್ಲಿ ಐದಾರು ವರ್ಷ ಅಡಗಿದ್ದು ಮರಳಿ ಬಂದದ್ದು. ಹೀಗೆ ಉತ್ತರ ಸಿಕ್ಕಿತು. ಜೊತೆಗೇ, ಮೂರು ದೇಶಗಳಲ್ಲಿ ಸಾವನ್ನು ಗೆದ್ದು ಬಂದಿದ್ದ ಸಾವಿರಾರು ಜನರನ್ನು ನೆರೆಯವರು ಮತ್ತೆ ಅನುಮಾನದಿಂದ ನೋಡುವ ಭಯವೂ ಹುಟ್ಟಿತು. ಅವರ ರಕ್ತದಿಂದಲೇ ತಿಳಿದ ಈ ಸತ್ಯವನ್ನು ಅವರ ಊರಿನಲ್ಲಿ, ಅವರಿಗೆ ಪೆಟ್ಟಾಗದಂತೆ, ಯಾವ ಮಾತಿನಲ್ಲಿ ಹೇಳಬೇಕೆಂಬುದನ್ನು ಯಾವ ಯಂತ್ರವೂ ಬರೆದು ಕೊಡಲಿಲ್ಲ.